ಬೆಳಿಗ್ಗೆ ಎದುರುಗಾಳಿ, ಸಂಜೆ ಬೆನ್ನುಗಾಳಿ: ಡೆನ್ಮಾರ್ಕಿನ ಹಳ್ಳಿದಾರಿಗಳಲ್ಲಿ ಸೈಕಲ್

ಪ್ರಶ್ನೆ: ನಾವು ಮೂಲತಃ ತೀರ್ಥಹಳ್ಳಿಯ ಕಡೆಯವರು. ಕೋಪನ್‌ಹೇಗನ್‌ಗೆ ಬಂದು ಒಂದೂವರೆ ವರ್ಷವಾಯಿತು. ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದವಳು ನಾನು. ಆಮೇಲೆ ಇಪ್ಪತ್ತೈದು ವರ್ಷ ಅದನ್ನು ಮುಟ್ಟಿರಲಿಲ್ಲ. ಇಲ್ಲಿ ಮತ್ತೆ ಶುರು ಮಾಡಿದ್ದೇನೆ. ಇಬ್ಬರ ಬಳಿಯೂ ಏಳು ಗೇರಿನ ಹಳೆಯ ಸಿಟಿ ಸೈಕಲ್ಲುಗಳಿವೆ. ಬರುವ ಬೇಸಿಗೆಯಲ್ಲಿ ಐದು ದಿನ ಹಳ್ಳಿಗಾಡಿನ ಸದ್ದಿಲ್ಲದ ರಸ್ತೆಗಳಲ್ಲಿ ತಿರುಗಬೇಕೆಂಬ ಆಸೆ. ನನ್ನ ಯಜಮಾನರು ಜಟ್ಲ್ಯಾಂಡಿನ ಪಶ್ಚಿಮ ಕರಾವಳಿಯ ದಾರಿಯನ್ನು ದಿನಕ್ಕೆ 70 ಕಿ.ಮೀ.ಯಂತೆ ಹೊಡೆಯೋಣ ಎನ್ನುತ್ತಾರೆ. ನನಗೆ ಹಿಂದಿನಿಂದ ಬರುವ ಕಾರುಗಳದೇ ಭಯ. ಎಲ್ಲಿಗೆ ಹೋಗುವುದು? ಹೊಸ ಸೈಕಲ್ ಬೇಕೇ? ಇಬ್ಬರೂ ಸಸ್ಯಾಹಾರಿಗಳು, ಅವರು ಮೊಟ್ಟೆಯನ್ನೂ ತಿನ್ನುವುದಿಲ್ಲ. ನಡುದಾರಿಯಲ್ಲಿ ಪಂಚರ್ ಆದರೆ ಏನು ಗತಿ?

ಉತ್ತರ: ಮೊದಲು ನಿಮ್ಮ ಯಜಮಾನರ 70 ಕಿಲೋಮೀಟರನ್ನು ಇತ್ಯರ್ಥ ಮಾಡಿಬಿಡೋಣ. ನಕ್ಷೆ ನೋಡಿದವರಿಗೆ ಡೆನ್ಮಾರ್ಕ್ ಕಾವಲಿಯಷ್ಟು ಚಪ್ಪಟೆಯಾಗಿ ಕಾಣುತ್ತದೆ. ದೇಶದ ಅತಿ ಎತ್ತರದ ನೈಸರ್ಗಿಕ ನೆಲೆ ಮೋಲ್ಲೆಹೋಯ್ ಎಂಬ ದಿಬ್ಬ. ಅದರ ಎತ್ತರ 170.86 ಮೀಟರ್. ಆಗುಂಬೆ ಘಾಟಿಯನ್ನು ಹತ್ತಿಳಿದು ಬೆಳೆದ ನಿಮಗೆ ಅದು ಗುಡ್ಡವೆಂದೇ ಅನಿಸುವುದಿಲ್ಲ. ಆದ್ದರಿಂದ ಬಂದವರೆಲ್ಲ ಒಂದೇ ಲೆಕ್ಕ ಹಾಕುತ್ತಾರೆ: ಘಾಟಿಯಿಲ್ಲ, ರಸ್ತೆಯಲ್ಲಿ ಗುಂಡಿಯಿಲ್ಲ, ಸೆಕೆಯಿಲ್ಲ, ಎಪ್ಪತ್ತೇನು ನೂರಾದರೂ ಹೊಡೆಯಬಹುದು. ಆ ಲೆಕ್ಕದಲ್ಲಿ ಗಾಳಿಯನ್ನು ಬಿಟ್ಟಿರುತ್ತಾರೆ.

ನೀವು ಗಂಟೆಗೆ 18 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರಿ, ಗಾಳಿ ಪೂರ್ತಿ ನಿಂತಿದೆ ಎಂದುಕೊಳ್ಳಿ. ಆಗ ಮೈಗೆ ತಾಗುವುದು 18ರ ಗಾಳಿ, ಅದೂ ನೀವೇ ಎಬ್ಬಿಸಿಕೊಂಡದ್ದು. ಈಗ ಎದುರಿನಿಂದ ಸೆಕೆಂಡಿಗೆ 5 ಮೀಟರಿನ ಗಾಳಿ ಬೀಸತೊಡಗಿತು. 3.6ರಿಂದ ಗುಣಿಸಿದರೆ ಅದೂ ಗಂಟೆಗೆ 18 ಕಿ.ಮೀ. ಎರಡೂ ಸೇರಿ 36. ಗಾಳಿಯ ವೇಗ ಇಮ್ಮಡಿಯಾದರೆ ಅದು ನಿಮ್ಮನ್ನು ಹಿಂದಕ್ಕೆ ದಬ್ಬುವ ಬಲ ನಾಲ್ಮಡಿಯಾಗುತ್ತದೆ. ಸೆಕೆಂಡಿಗೆ 5 ಮೀಟರ್ ಎಂದರೆ ಇಲ್ಲಿನವರು ಗಾಳಿಯೆಂದು ಲೆಕ್ಕಕ್ಕೇ ಹಿಡಿಯದ ಗಾಳಿ; ಬಟ್ಟೆ ಒಣಗಲು ಒಳ್ಳೆಯ ದಿನ ಎನ್ನುತ್ತಾರೆ ಅಷ್ಟೆ.

ನಿಮ್ಮ ಯಜಮಾನರು ಹೇಳುವ ದಾರಿ ರಾಷ್ಟ್ರೀಯ ಸೈಕಲ್ ಮಾರ್ಗ 1. ಜರ್ಮನಿಯ ಗಡಿಯ ರುಡ್‌ಬೋಲ್‌ನಿಂದ ಉತ್ತರದ ತುದಿಯ ಸ್ಕಾಗೆನ್‌ವರೆಗೆ ಸುಮಾರು 560 ಕಿ.ಮೀ. ಚೆಲುವಾದ ದಾರಿ, ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ದೇಶದಲ್ಲಿ ಹೆಚ್ಚಿನ ದಿನ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ ಬರುತ್ತದೆ. ಉತ್ತರ ಸಮುದ್ರದ ಮೇಲೆ ಅದನ್ನು ತಡೆಯಲು ಒಂದು ಮರವೂ ಇಲ್ಲ, ಹಾಗಾಗಿ ಕರಾವಳಿಗೆ ಬಂದು ತಲುಪುವಾಗ ಅದರ ಹುರುಪು ಇಳಿದಿರುವುದಿಲ್ಲ. ಆ ದಾರಿಗೆ ಹೋಗಲೇಬೇಕೆಂದರೆ ದಕ್ಷಿಣದಿಂದ ಉತ್ತರಕ್ಕೆ ಹೋಗಿ. ಸ್ಕಾಗೆನ್‌ನಿಂದ ಕೆಳಕ್ಕೆ ಇಳಿಯುವ ಉಪದ್ವ್ಯಾಪ ಬೇಡ. ಆ ದಾರಿಯೇನಿದ್ದರೂ ಎರಡನೆಯ ಬೇಸಿಗೆಗಿರಲಿ. ಮೊದಲ ಬೇಸಿಗೆಗೆ ನಾನು ಬೇರೆ ಜಾಗ ಹೇಳುತ್ತೇನೆ.

ಅದಕ್ಕೆ ಮುಂಚೆ ನನ್ನದೇ ಒಂದು ಕಥೆ. ಹದಿಮೂರು ವರ್ಷಗಳ ಹಿಂದೆ ಹುಬ್ಬಳ್ಳಿಯಿಂದ ಗೆಳೆಯನೊಬ್ಬ ಬಂದಿದ್ದ. ಅವನನ್ನು ಲಾಂಗೆಲಾಂಡ್ ದ್ವೀಪಕ್ಕೆ ಕರೆದೊಯ್ದೆ. ಹೆಸರೇ ಹೇಳುವಂತೆ ಅದು ಉತ್ತರ ದಕ್ಷಿಣವಾಗಿ ಚಾಚಿಕೊಂಡ ಉದ್ದನೆಯ, ಕಿರಿದಾದ ದ್ವೀಪ. ಬೆಳಿಗ್ಗೆ ರುಡ್‌ಕೋಬಿಂಗ್ ಪಟ್ಟಣದಿಂದ ಉತ್ತರಕ್ಕೆ ಹೊರಟೆವು. ಸೈಕಲ್ ತಾನಾಗಿ ಓಡುತ್ತಿತ್ತು. ಗೆಳೆಯ ಹಾಡು ಹೇಳುತ್ತಿದ್ದ, ನಲವತ್ತೈದು ದಾಟಿದರೂ ಕಾಲಿನಲ್ಲಿ ಕಸುವಿದೆ ನೋಡು ಎಂದು ಬೀಗುತ್ತಿದ್ದ. ನಾನೂ ಬೀಗಿದೆ. ಟ್ರಾನೆಕೇರ್‌ನ ಕೆಂಪು ಕೋಟೆಮನೆಯನ್ನು ನೋಡಿ, ಇನ್ನೂ ಮುಂದೆ ಹೋಗಿ, ಮಧ್ಯಾಹ್ನ ತಿರುಗಿದಾಗ ಗೊತ್ತಾಯಿತು: ಬೆಳಿಗ್ಗೆ ನಾವು ಕಾಲಿನ ಕಸುವು ಎಂದುಕೊಂಡದ್ದೆಲ್ಲ ಗಾಳಿ ಕೊಟ್ಟ ಸಾಲ. ಅದನ್ನು ಬಡ್ಡಿ ಸಮೇತ ವಸೂಲು ಮಾಡಲು ಅದು ರಸ್ತೆಯಲ್ಲೇ ಕಾದು ನಿಂತಿತ್ತು. ಎರಡೂ ಬದಿಯ ಬಾರ್ಲಿ ಹೊಲ ನಮ್ಮ ಕಡೆಗೇ ಬಾಗಿ ಅಲೆಯಲೆಯಾಗಿ ಬರುತ್ತಿತ್ತು. ಗಂಟೆಗೆ ಹತ್ತು ಕಿಲೋಮೀಟರೂ ಸಾಗಲಿಲ್ಲ. ಹಾಡು ಮೊದಲು ನಿಂತಿತು, ಆಮೇಲೆ ಮಾತು ನಿಂತಿತು. ಕೊನೆಗೆ ಗೆಳೆಯ ಒಂದು ಬಸ್ ತಂಗುದಾಣದೊಳಗೆ ಹೋಗಿ, ಹೆಲ್ಮೆಟ್ ತೆಗೆಯದೆ, ಗೋಡೆಗೆ ಮುಖ ಮಾಡಿ ಕುಳಿತ. ಅವನನ್ನು ಎಬ್ಬಿಸಲು ಅರ್ಧ ಗಂಟೆ ಹಿಡಿಯಿತು. ಇವತ್ತಿಗೂ ಫೋನ್ ಮಾಡಿದರೆ ‘ಗಾಳಿ ಹೇಗಿದೆ?’ ಎಂದೇ ಶುರು ಮಾಡುತ್ತಾನೆ.

ಅಂದಿನಿಂದ ನಾನು ಪಾಲಿಸುವ ಕ್ರಮ ಒಂದೇ. ಬೆಳಿಗ್ಗೆ ಗಾಳಿಗೆ ಎದುರಾಗಿ ಹೊರಡುವುದು, ಮಧ್ಯಾಹ್ನ ಅದನ್ನು ಬೆನ್ನಿಗೆ ಹಾಕಿಕೊಂಡು ಮರಳುವುದು. ಬೇಸಿಗೆಯಲ್ಲಿ ಸಾಮಾನ್ಯವಾಗಿ ನಸುಕಿಗೆ ಗಾಳಿ ಮೆತ್ತಗಿದ್ದು, ಬಿಸಿಲೇರಿದಂತೆ ಜೋರಾಗುತ್ತದೆ. ಜೂನ್ ಕೊನೆಗೆ ಕೋಪನ್‌ಹೇಗನ್‌ನಲ್ಲಿ ನಾಲ್ಕೂವರೆಯೊಳಗೆ ಸೂರ್ಯ ಹುಟ್ಟಿ, ಮುಳುಗುವಾಗ ರಾತ್ರಿ ಹತ್ತರ ಹತ್ತಿರ. ಬೆಳಿಗ್ಗೆ ಏಳಕ್ಕೆ ಸೈಕಲ್ ಮೇಲಿದ್ದರೆ ಮಧ್ಯಾಹ್ನದೊಳಗೆ ದಿನದ ಕೆಲಸ ಮುಗಿದಿರುತ್ತದೆ. ಹವಾಮಾನ ಸಂಸ್ಥೆ ಡಿಎಂಐಯ ಮುನ್ಸೂಚನೆಯಲ್ಲಿ ಮಳೆಯ ಚಿತ್ರ ನೋಡುವ ಮುಂಚೆ ಗಾಳಿಯ ಬಾಣ ನೋಡಿ. ಸೆಕೆಂಡಿಗೆ 5 ಮೀಟರ್ ಎಂದಿದ್ದರೆ ಎತ್ತಲಾದರೂ ಹೋಗಿ. 8 ಎಂದಿದ್ದರೆ ಅಂದಿನ ದೂರವನ್ನು ಅರ್ಧ ಮಾಡಿ, ಇಲ್ಲವೇ ಗಾಳಿ ಕರೆದ ಕಡೆಗೇ ಹೋಗಿ. 11 ದಾಟಿದರೆ ಊರಲ್ಲೇ ಉಳಿದು ಕಾಫಿ ಕುಡಿಯಿರಿ. ಆ ಅಂಕಿ ನೆಲದಿಂದ ಹತ್ತು ಮೀಟರ್ ಎತ್ತರದ ಬಯಲುಗಾಳಿಯದು. ರಸ್ತೆಬದಿಯಲ್ಲಿ ಬೇಲಿಸಾಲು ಇದ್ದರೆ ನಿಮಗೆ ತಾಗುವುದು ಅದಕ್ಕಿಂತ ಕಡಿಮೆ. ಹೊಲಗಳ ನಡುವೆ ಗಾಳಿ ತಡೆಯಲೆಂದೇ ನೆಟ್ಟ ಮರಸಾಲುಗಳನ್ನು ಇಲ್ಲಿ ‘ಲೇಹೈನ್’ ಎನ್ನುತ್ತಾರೆ. ಅಂಥ ಸಾಲು ಹಿಡಿದು ಹೋಗುವ ರಸ್ತೆ ಎರಡು ಕಿಲೋಮೀಟರ್ ಬಳಸಾದರೂ ಲಾಭವೇ.

ಹೀಗಾಗಿ ದಿನಕ್ಕೆ 35ರಿಂದ 40 ಕಿ.ಮೀ. ಇಟ್ಟುಕೊಳ್ಳಿ. ನಿಲ್ಲುವುದು, ತಿನ್ನುವುದು, ದಾರಿ ತಪ್ಪುವುದು ಎಲ್ಲ ಸೇರಿ ಗಂಟೆಗೆ ಹತ್ತು ಕಿಲೋಮೀಟರ್ ಎಂದು ಲೆಕ್ಕ ಹಾಕಿದರೆ ನಾಲ್ಕು ಗಂಟೆಯ ದಾರಿ. ನಿಮ್ಮ ಯಜಮಾನರಿಗೆ ಇದು ಸಾಲದು ಅನಿಸಿದರೆ ಸಂಜೆ ಅವರೊಬ್ಬರೇ ಇನ್ನೊಂದು ಸುತ್ತು ಹೋಗಿಬರಲಿ. ಮೂರನೆಯ ದಿನ ಹೋಗುವುದಿಲ್ಲ, ನೋಡುತ್ತಿರಿ.

ಇನ್ನು ಜಾಗ. ಫ್ಯೂನ್ ದ್ವೀಪದ ದಕ್ಷಿಣ ಅಂಚು ಮತ್ತು ಅದರ ಕೆಳಗಿನ ಟೋಸಿಂಗೆ, ಲಾಂಗೆಲಾಂಡ್, ಏರೊ ದ್ವೀಪಗಳು. ನಾನು ಇದೇ ಫ್ಯೂನಿನ ಓಡೆನ್ಸೆ ನಗರದಲ್ಲಿ ಹದಿನೇಳು ವರ್ಷಗಳಿಂದ ಇರುವವನು, ಆದ್ದರಿಂದ ಇದನ್ನು ಪಕ್ಷಪಾತ ಎಂದರೂ ಸರಿ. ಆದರೆ ಕಾರಣ ಇದೆ. ಇಲ್ಲಿ ಊರುಗಳು ಒತ್ತೊತ್ತಾಗಿವೆ, ದ್ವೀಪಗಳು ಒಂದಕ್ಕೊಂದು ಗಾಳಿಯನ್ನು ಸ್ವಲ್ಪ ಮರೆಮಾಡುತ್ತವೆ, ಸಾಕಾದರೆ ಹಿಂದಿರುಗಲು ಫೆರಿಯೋ ಬಸ್ಸೋ ಎಲ್ಲೋ ಹತ್ತಿರದಲ್ಲೇ ಇರುತ್ತದೆ. ರಾಷ್ಟ್ರೀಯ ಸೈಕಲ್ ಮಾರ್ಗ 8 ಇಲ್ಲಿ ಹಾದುಹೋಗುತ್ತದೆ. ದಕ್ಷಿಣದ ದ್ವೀಪಗಳನ್ನೆಲ್ಲ ಪೋಣಿಸುವ ಆ 820 ಕಿ.ಮೀ. ದಾರಿಯ ಆಕಾರವೂ 8ರ ಅಂಕಿಯದೇ. ಅದರ ಒಂದು ಮೂಲೆ ನಿಮಗೆ ಸಾಕು. ನೀಲಿ ಫಲಕದ ಮೇಲೆ ಬಿಳಿ ಸೈಕಲ್, ಕೆಂಪು ಚೌಕದಲ್ಲಿ ಅಂಕಿ ಇದ್ದರೆ ಅದು ರಾಷ್ಟ್ರೀಯ ಮಾರ್ಗ. ಅಂಕಿ ನೀಲಿಯ ಮೇಲೆಯೇ ಇದ್ದರೆ ಪ್ರಾದೇಶಿಕ ಅಥವಾ ಸ್ಥಳೀಯ ಮಾರ್ಗ.

ಆದರೆ ಫಲಕವೊಂದನ್ನೇ ನಂಬಿ ಹೋಗುವವರಿಗೆ ನಿಜವಾದ ಮೌನ ಸಿಗುವುದು ಕಡಿಮೆ. ನಾನು ಚರ್ಚುಗಳನ್ನು ನಂಬುತ್ತೇನೆ. ಭಕ್ತಿಯಿಂದಲ್ಲ, ನಕ್ಷೆಯ ಕಾರಣದಿಂದ. ಡೆನ್ಮಾರ್ಕಿನ ಹಳ್ಳಿಗಾಡಿನಲ್ಲಿ ಕೆಲವೇ ಕಿಲೋಮೀಟರಿಗೊಂದು ಸುಣ್ಣ ಬಳಿದ ಚರ್ಚು ಕಾಣುತ್ತದೆ. ಗೋಪುರದ ತುದಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಹೆಚ್ಚಿನವು ಮಧ್ಯಯುಗದವು; ಭಾನುವಾರ ಜನ ನಡೆದೇ ಬರಬೇಕಾಗಿದ್ದ ಕಾಲದಲ್ಲಿ ಕಟ್ಟಿದವು. ಆದ್ದರಿಂದ ಚರ್ಚಿನಿಂದ ಚರ್ಚಿಗೆ ಹೋಗುವ ದಾರಿಗಳು ಹಳೆಯವು, ಕಿರಿದು, ಹೊಲದ ಅಂಚು ಹಿಡಿದು ಅಂಕುಡೊಂಕಾಗಿ ಸಾಗುವಂಥವು. ಅವಸರದ ಕಾರುಗಳಿಗೆ ಆಮೇಲೆ ನೇರ ರಸ್ತೆಗಳು ಬಂದವು, ಈ ದಾರಿಗಳು ಹಾಲಿನ ಲಾರಿಗೂ ಟ್ರ್ಯಾಕ್ಟರಿಗೂ ಉಳಿದವು. ನಕ್ಷೆಯಲ್ಲಿ ಅಂಕಿ ಇರುವ ರಸ್ತೆ ಬಿಡಿ, ಅಂಕಿಯಿಲ್ಲದ್ದನ್ನು ಹಿಡಿಯಿರಿ. ಶಿಲುಬೆಯ ಗುರುತುಗಳನ್ನು ರಂಗೋಲಿಯ ಚುಕ್ಕಿಗಳಂತೆ ಕೂಡಿಸುತ್ತಾ ಹೋಗಿ. ‘ಕಿರ್ಕೆವೈ’ ಎಂಬ ಹೆಸರಿನ ರಸ್ತೆ ಕಂಡರೆ ಕಣ್ಣುಮುಚ್ಚಿ ತಿರುಗಿ, ಅದರ ಅರ್ಥವೇ ಚರ್ಚಿನ ದಾರಿ.

ಇದಕ್ಕೆ ತದ್ವಿರುದ್ಧವಾಗಿ, ಕಂದು ಫಲಕದ ಮೇಲೆ ಬಿಳಿ ಡೇಸಿ ಹೂವು ಕಂಡರೆ ಸ್ವಲ್ಪ ಯೋಚಿಸಿ. ಅದು ಕಾರಿನಲ್ಲಿ ಸುತ್ತುವವರಿಗಾಗಿ 1991ರಲ್ಲಿ ಗುರುತು ಹಾಕಿದ ಚೆಲುವಿನ ದಾರಿ. ರಸ್ತೆ ಕಿರಿದು, ನೋಟ ಸೊಗಸು. ಆದರೆ ಜುಲೈ ಭಾನುವಾರದ ಮಧ್ಯಾಹ್ನ ಊರಿನ ಕಾರುಗಳೆಲ್ಲ ಅಲ್ಲೇ ಇರುತ್ತವೆ.

ಚರ್ಚಿನ ಇನ್ನೊಂದು ಉಪಕಾರ ನೀರು. ಅಂಗಳದಲ್ಲಿ ಸಮಾಧಿಗಳ ಹೂಗಿಡಗಳಿಗೆಂದು ನಲ್ಲಿ ಇರುತ್ತದೆ, ಎಷ್ಟೋ ಕಡೆ ಶೌಚಾಲಯವೂ ಇರುತ್ತದೆ. ಲಾಂಗೆಲಾಂಡಿನಲ್ಲಿ ನಾನು ಯಾವಾಗಲೂ ನಿಲ್ಲುವ ಒಂದು ಅಂಗಳವಿದೆ. ಕಲ್ಲಿನ ಗಿಡ್ಡ ಗೋಡೆ, ಕಬ್ಬಿಣದ ಸಣ್ಣ ಗೇಟು, ಒಳಗೆ ಹಸಿರು ಬಣ್ಣದ ಹತ್ತಾರು ನೀರಿನ ಕ್ಯಾನುಗಳು ಕೊಕ್ಕೆಗಳಿಗೆ ಸಾಲಾಗಿ ನೇತಾಡುತ್ತಿರುತ್ತವೆ. ನಲ್ಲಿ ತಿರುಗಿಸಿದರೆ ಮೊದಲು ಬಿಸಿನೀರು ಬರುತ್ತದೆ, ಬಿಸಿಲಿಗೆ ಕಾದ ಕೊಳವೆಯದು. ಐದಾರು ಸೆಕೆಂಡು ಹರಿಯಬಿಟ್ಟರೆ ಹಲ್ಲು ಜುಮ್ಮೆನ್ನುವ ತಣ್ಣೀರು. ಈ ದೇಶದ ನಲ್ಲಿನೀರೆಲ್ಲ ಅಂತರ್ಜಲವೇ, ಧೈರ್ಯವಾಗಿ ಕುಡಿಯಬಹುದು. ‘ಇಕ್ಕೆ ಡ್ರಿಕ್ಕೆವಾನ್’ ಎಂದು ಬರೆದಿದ್ದರೆ ಮಾತ್ರ ಬಿಟ್ಟುಬಿಡಿ, ಅದು ಕುಡಿಯುವ ನೀರಲ್ಲ. ಒಂದು ಮರ್ಯಾದೆಯ ಮಾತು: ಸಮಾಧಿಗಳ ನಡುವಿನ ಜಲ್ಲಿಹಾದಿಯನ್ನು ಕುಂಟೆಯಿಂದ ಬಾಚಿ ಗೆರೆ ಮೂಡಿಸಿರುತ್ತಾರೆ. ಅದರ ಮೇಲೆ ಸೈಕಲ್ ತಳ್ಳಿಕೊಂಡು ಹೋಗುವುದು, ಯಾರದೋ ಅಂಗಳದ ರಂಗೋಲಿ ತುಳಿದ ಹಾಗೆ. ಸೈಕಲ್ ಗೇಟಿನ ಹೊರಗೇ ಇರಲಿ.

ಈಗ ನಿಮ್ಮ ಭಯಕ್ಕೆ ಬರುತ್ತೇನೆ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಊರ ಹೊರಗೆ ಇಲ್ಲಿನ ಸಾಮಾನ್ಯ ವೇಗಮಿತಿ ಗಂಟೆಗೆ 80 ಕಿ.ಮೀ., ನಿಮ್ಮ ಪಕ್ಕದಲ್ಲಿ ಆ ವೇಗದಲ್ಲಿ ಕಾರು ಹೋದರೆ ಎದೆ ಧಸಕ್ಕೆನ್ನುವುದು ಸಹಜ. ನಮ್ಮ ಊರುಗಳಲ್ಲಿ ಹಾರ್ನ್ ಎಂದರೆ ‘ನಾನು ಬರುತ್ತಿದ್ದೇನೆ’ ಎಂಬ ಸೂಚನೆ. ಕಿವಿಯಿಂದಲೇ ಅರ್ಧ ರಸ್ತೆ ಕಾಣುತ್ತದೆ. ಇಲ್ಲಿ ಯಾರೂ ಹಾರ್ನ್ ಮಾಡುವುದಿಲ್ಲ. ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ವಿದ್ಯುತ್ತಿನವು, ಅವಕ್ಕೆ ಎಂಜಿನ್ನಿನ ಸದ್ದೂ ಇಲ್ಲ. ಅದರ ಜೊತೆಗೆ ಎದುರುಗಾಳಿ ಕಿವಿಯಲ್ಲಿ ಭೋರೆನ್ನುತ್ತಿದ್ದರೆ ಹಿಂದೆ ಟ್ರ್ಯಾಕ್ಟರ್ ಬಂದರೂ ತಿಳಿಯುವುದಿಲ್ಲ. ಸದ್ದಿಲ್ಲದ ರಸ್ತೆಯಲ್ಲಿ ಕಿವಿಯನ್ನು ನಂಬುವಂತಿಲ್ಲ ಎಂಬುದು ವಿಚಿತ್ರವಾದರೂ ನಿಜ. ಪರಿಹಾರ ತೀರ ಅಗ್ಗದ್ದು: ಹ್ಯಾಂಡಲ್ಲಿನ ಎಡತುದಿಗೆ ಒಂದು ಪುಟ್ಟ ಕನ್ನಡಿ. ಇಲ್ಲಿ ಬಲಬದಿಯ ಸಂಚಾರ, ಆದ್ದರಿಂದ ಎಡತುದಿ. ಇಲ್ಲಿನವರು ಕನ್ನಡಿ ಹಾಕುವುದಿಲ್ಲ, ಹಾಕಿದವರನ್ನು ನೋಡಿ ನಗಲೂಬಹುದು. ನಾನು ಜೊತೆಗೆ ಕರೆದೊಯ್ಯುವವರಿಗೆಲ್ಲ ಮೊದಲು ಕೊಡಿಸುವುದು ಅದನ್ನೇ. ಎರಡನೆಯ ದಿನಕ್ಕೆ ಅವರ ಭುಜ ಸಡಿಲವಾಗಿರುತ್ತದೆ.

‘ಎರಡು ಮೈನಸ್ ಒಂದು’ ಎಂಬ ರಸ್ತೆಗಳನ್ನೂ ಮೊದಲೇ ತಿಳಿದಿರಿ. ನಡುಗೆರೆ ಇರುವುದಿಲ್ಲ. ಬದಲಿಗೆ ಎರಡೂ ಬದಿಯಲ್ಲಿ ಒಳಕ್ಕೆ ಸರಿದ ತುಂಡುಗೆರೆ, ಅದರಾಚೆ ಅಗಲವಾದ ಅಂಚುಪಟ್ಟಿ. ಅಂಚು ನಿಮಗೆ, ನಡುವಿನ ಒಂದೇ ಪಟ್ಟಿ ಎರಡೂ ದಿಕ್ಕಿನ ಕಾರುಗಳಿಗೆ. ಮೊದಲ ಸಲ ನೋಡಿದಾಗ ಎರಡು ಕಾರುಗಳು ಎದುರುಬದುರಾಗಿ ಒಂದೇ ಪಟ್ಟಿಯಲ್ಲಿ ನುಗ್ಗುತ್ತಿರುವುದು ಕಂಡು ಉಸಿರು ನಿಲ್ಲುತ್ತದೆ. ಹತ್ತಿರ ಬಂದಾಗ ಇಬ್ಬರೂ ನಿಧಾನಿಸಿ ಅಂಚಿಗೆ ಸರಿದು ದಾಟುತ್ತಾರೆ. ಅಂಚಿನಲ್ಲಿ ನೀವಿದ್ದರೆ ನಿಮ್ಮ ಹಿಂದೆ ಕಾಯುತ್ತಾರೆ. ಕಾಯುವುದು ಅವರ ಕೆಲಸ. ಅವರ ಮೇಲೆ ಕನಿಕರಪಟ್ಟು ನೀವು ಹುಲ್ಲಿಗೆ ಇಳಿಯಬೇಡಿ, ಬೀಳುವುದು ಅಲ್ಲೇ. ಅಂಚಿನಿಂದ ಒಂದೂವರೆ ಅಡಿ ಒಳಗೆ, ಅಲುಗಾಡದೆ, ನೇರವಾಗಿ ಹೋಗಿ.

ನಿಯಮಗಳಲ್ಲಿ ನಮ್ಮವರು ಎಡವುವುದು ಎರಡರಲ್ಲಿ. ರಸ್ತೆಯ ಮೇಲೆ ಬಿಳಿ ತ್ರಿಕೋನಗಳ ಸಾಲು ಕಂಡರೆ, ಇವರು ಅದನ್ನು ಶಾರ್ಕ್ ಹಲ್ಲು ಎನ್ನುತ್ತಾರೆ, ನೀವೇ ನಿಂತು ದಾರಿ ಬಿಡಬೇಕು. ಹಲ್ಲೂ ಇಲ್ಲ ಫಲಕವೂ ಇಲ್ಲ ಎನ್ನುವಂಥ ಹಳ್ಳಿಯ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು, ಅದು ಎಷ್ಟೇ ಚಿಕ್ಕ ದಾರಿಯಾಗಿರಲಿ. ಎಡಕ್ಕೆ ತಿರುಗುವ ಕ್ರಮ, ನಿಲ್ಲುವಾಗ ಕೈಯೆತ್ತುವುದು, ಕಡ್ಡಾಯದ ಗಂಟೆ, ಇವೆಲ್ಲ ನಗರದಲ್ಲಿ ನಿಮಗೆ ರೂಢಿಯಾಗಿರುತ್ತವೆ.

ಐದು ದಿನ ಹೀಗೆ ಕಳೆಯಿರಿ. ಕೋಪನ್‌ಹೇಗನ್‌ನಿಂದ ಸೈಕಲ್ ಸಮೇತ ರೈಲು. ದಾರಿಯಲ್ಲಿ ಸಿಗುವ ಗ್ರೇಟ್ ಬೆಲ್ಟ್ ಸೇತುವೆಯ ಮೇಲೆ ಸೈಕಲ್ಲಿಗೆ ಪ್ರವೇಶವಿಲ್ಲ, ಆದ್ದರಿಂದ ರೈಲೇ ಗತಿ. ನಗರದ ಎಸ್-ರೈಲಿನಲ್ಲಿ ಸೈಕಲ್ ಪುಕ್ಕಟೆ, ಇಲ್ಲಿ ಹಾಗಲ್ಲ; ಬೇರೆ ಟಿಕೆಟ್ ಕೊಳ್ಳಬೇಕು, ಬೇಸಿಗೆಯಲ್ಲಿ ಇಂಟರ್‌ಸಿಟಿಗೆ ಜಾಗವನ್ನು ಮೊದಲೇ ಕಾಯ್ದಿರಿಸಬೇಕು. ಓಡೆನ್ಸೆಯಲ್ಲಿ ಇಳಿದು ಸ್ವೆಂಡ್‌ಬೋರ್ಗ್‌ನ ರೈಲು ಹತ್ತಿ. ಅಲ್ಲಿಂದ ಸೇತುವೆ ದಾಟಿ ಟೋಸಿಂಗೆ. ಟ್ರೊಎನ್ಸೆ ಎಂಬ ಹಳೆಯ ನಾವಿಕರ ಹಳ್ಳಿಯಲ್ಲಿ ಹುಲ್ಲುಚಾವಣಿಯ ಮನೆಗಳ ಬೀದಿಯಲ್ಲಿ ಇಳಿದು ನಡೆಯಿರಿ. ಬ್ರೆಗ್ನಿಂಗೆಯ ದಿಬ್ಬದ ಮೇಲಿನ ಚರ್ಚಿನ ಬಳಿ ನಿಂತರೆ ಮುಂದಿನ ನಾಲ್ಕು ದಿನದ ದ್ವೀಪಗಳೆಲ್ಲ ಕೆಳಗೆ ಹರಡಿರುತ್ತವೆ. ಅಲ್ಲಿಂದ ಲಾಂಗೆಲಾಂಡಿಗೆ ಹೋಗುವ ಸೇತುವೆಯೊಂದೇ ನಿಮ್ಮ ಇಡೀ ಪ್ರವಾಸದಲ್ಲಿ ವಾಹನಗಳ ನಡುವೆ ಇರುವ ಜಾಗ. ಎತ್ತರದಲ್ಲಿ ಅಡ್ಡಗಾಳಿ ಹೊಡೆಯುತ್ತದೆ. ಅಳುಕಾದರೆ ಇಳಿದು ತಳ್ಳಿಕೊಂಡು ಹೋಗಿ, ಇದರಲ್ಲಿ ಮಾನ ಹೋಗುವುದೇನೂ ಇಲ್ಲ.

ಎರಡನೆಯ ದಿನ ರುಡ್‌ಕೋಬಿಂಗ್‌ನಿಂದ ಸಾಮಾನಿಲ್ಲದೆ ಒಂದು ಸುತ್ತು. ನೈಋತ್ಯದ ಗಾಳಿಯಿದ್ದರೆ ದಕ್ಷಿಣಕ್ಕೆ, ರಿಸ್ಟಿಂಗೆಯ ಮರಳದಂಡೆಯ ಕಡೆಗೆ. ಉತ್ತರಗಾಳಿಯಿದ್ದರೆ ಟ್ರಾನೆಕೇರ್ ಕಡೆಗೆ. ಯಾವುದು ಎಂಬುದನ್ನು ಬೆಳಿಗ್ಗೆ ಕಿಟಕಿಯಿಂದ ಬಾವುಟ ನೋಡಿ ನಿರ್ಧರಿಸಿ. ಡೇನರು ಮನೆಯಂಗಳದಲ್ಲಿ ಬಾವುಟದ ಕಂಬ ನೆಡುವುದರಿಂದ ನಿಮಗೆ ಗಾಳಿಯ ದಿಕ್ಕು ಬೀದಿ ಬೀದಿಯಲ್ಲಿ ಪುಕ್ಕಟೆಯಾಗಿ ಸಿಗುತ್ತದೆ.

ಮೂರನೆಯ ದಿನ ಫೆರಿಯಲ್ಲಿ ಮಾರ್ಸ್ಟಲ್. ಇದು ಏರೊ ದ್ವೀಪ, ಉದ್ದ ಸುಮಾರು 30 ಕಿ.ಮೀ. ಇಲ್ಲಿ ಆತುರ ಮಾಡಿದರೆ ನಿಮ್ಮ ಮೇಲೆ ನನಗೆ ಸಿಟ್ಟು ಬರುತ್ತದೆ. ಏರೊಸ್‌ಕೋಬಿಂಗ್ ಪಟ್ಟಣದ ಬೀದಿಗಳಲ್ಲಿ ಕಲ್ಲು ಹಾಸಿದೆ, ಸೈಕಲ್ ಮೇಲೆ ಕುಳಿತರೆ ಹಲ್ಲು ಕಟಕಟ ಎನ್ನುತ್ತದೆ, ಇಳಿಯಿರಿ. ಮನೆಗಳು ಗಿಡ್ಡ, ಬಾಗಿಲುಗಳು ಒಂದರಂತೆ ಒಂದಿಲ್ಲ, ಗೋಡೆಗೆ ಒರಗಿ ಹಾಲಿಹಾಕ್ ಹೂಗಳು ಮನುಷ್ಯನಷ್ಟೆತ್ತರ ನಿಂತಿರುತ್ತವೆ. ಅಲ್ಲೇ ಎರಡು ರಾತ್ರಿ ತಂಗಿ. ನಾಲ್ಕನೆಯ ದಿನ ವೋಡೆರುಪ್ ಎಂಬಲ್ಲಿ ನೆಲ ಕುಸಿದು ಸಮುದ್ರಕ್ಕೆ ದೊಡ್ಡ ದೊಡ್ಡ ಮೆಟ್ಟಿಲುಗಳಾಗಿ ಇಳಿದಿರುವುದನ್ನು ನೋಡಿಬನ್ನಿ. ಏರೊ ಚಪ್ಪಟೆಯಲ್ಲ ಎಂದು ಅಂದೇ ಗೊತ್ತಾಗುತ್ತದೆ. ಹಿಮಯುಗದ ಹಿಮನದಿಗಳು ಬಿಟ್ಟುಹೋದ ಮಣ್ಣಿನ ದಿಬ್ಬಗಳು ಇವು. ಯಾವುದೂ ಎತ್ತರವಿಲ್ಲ, ಆದರೆ ಒಂದು ಮುಗಿಯಿತು ಎನ್ನುವಾಗ ಇನ್ನೊಂದು. ಗೇರನ್ನು ದಿಬ್ಬದ ಬುಡದಲ್ಲೇ ಇಳಿಸಿ, ನಡುವೆ ಇಳಿಸಲು ಹೋದರೆ ಕಾಲು ನಿಲ್ಲುತ್ತದೆ.

ಐದನೆಯ ದಿನ ಪಶ್ಚಿಮ ತುದಿಯ ಸೋಬಿಯಿಂದ ಫೆರಿಯಲ್ಲಿ ಫೋಬೋರ್ಗ್, ಅಲ್ಲಿಂದ ಹಳ್ಳಿದಾರಿಯಲ್ಲಿ ಸ್ವೆಂಡ್‌ಬೋರ್ಗ್‌ಗೆ. ಪೂರ್ವಕ್ಕೆ ಹೋಗುವ ದಾರಿಯಾದ್ದರಿಂದ ಕೊನೆಯ ದಿನ ಗಾಳಿ ಬೆನ್ನಿಗಿರುವ ಸಂಭವ ಹೆಚ್ಚು. ಈ ಸುತ್ತನ್ನು ನಾನು ಯಾವಾಗಲೂ ಇದೇ ದಿಕ್ಕಿನಲ್ಲಿ ಮಾಡುವುದು ಅದಕ್ಕೇ. ಫೋಬೋರ್ಗ್‌ನ ಬಳಿಯ ಗುಡ್ಡಗಳಿಗೆ ಇಲ್ಲಿನವರು ‘ಫ್ಯೂನಿನ ಆಲ್ಪ್ಸ್’ ಎಂದು ಹೆಸರಿಟ್ಟಿದ್ದಾರೆ. ನೂರಿಪ್ಪತ್ತೆಂಟು ಮೀಟರ್! ನಗಬೇಡಿ, ಅದರ ಏರಿನಲ್ಲಿ ನನ್ನ ಉಸಿರೂ ಕಟ್ಟುತ್ತದೆ. ಅಷ್ಟು ಹೊತ್ತಿಗೆ ಸುಸ್ತಾಗಿದ್ದರೆ ಏರೊಸ್‌ಕೋಬಿಂಗ್‌ನಿಂದಲೇ ಸ್ವೆಂಡ್‌ಬೋರ್ಗ್‌ಗೆ ನೇರ ಫೆರಿ ಇದೆ, ಒಂದೂಕಾಲು ಗಂಟೆ.

ಸಮಯ ಜೂನ್ ಮೊದಲ ಮೂರು ವಾರಗಳೊಳಗೆ ಇರಲಿ. ನಿಮ್ಮ ಕಚೇರಿಯಲ್ಲಿ ‘28ನೇ ವಾರ, 29ನೇ ವಾರ’ ಎಂದು ರಜೆಯ ಮಾತಾಡುವುದನ್ನು ಕೇಳಿರುತ್ತೀರಿ; ಆ ಜುಲೈ ವಾರಗಳಲ್ಲಿ ದೇಶವೇ ರಜೆಯ ಮೇಲಿರುತ್ತದೆ, ಫೆರಿ ತುಂಬಿರುತ್ತದೆ, ಕೋಣೆ ಸಿಗುವುದಿಲ್ಲ. ಆಗಸ್ಟಿನಲ್ಲಿ ಕೊಯ್ಲು. ಆಗ ಕಿರಿದಾದ ದಾರಿಯ ಪೂರ್ತಿ ಅಗಲಕ್ಕೆ ಕೊಯ್ಲುಯಂತ್ರ ಬರುತ್ತದೆ. ಆಗ ಮಾತ್ರ ನನ್ನ ಹಿಂದಿನ ಮಾತು ಮರೆತು ಹುಲ್ಲಿಗೆ ಇಳಿದು ನಿಲ್ಲಿ. ಜೂನ್‌ನಲ್ಲಿ ಬೇಲಿಯುದ್ದಕ್ಕೂ ಎಲ್ಡರ್ ಹೂ ಬಿಟ್ಟಿರುತ್ತದೆ, ಹೊಸ ಆಲೂಗಡ್ಡೆ, ಸ್ಟ್ರಾಬೆರಿ ಬಂದಿರುತ್ತವೆ. ಜೂನ್ 5 ಸಂವಿಧಾನ ದಿನ, ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಹಿಂದಿನ ದಿನವೇ ಸಾಮಾನು ತಂದಿಡಿ. ವಾಸನೆಯ ವಿಷಯವನ್ನು ಯಾವ ಪ್ರವಾಸಿ ಪುಸ್ತಿಕೆಯೂ ಹೇಳುವುದಿಲ್ಲ, ನಾನು ಹೇಳುತ್ತೇನೆ: ಈ ದೇಶದಲ್ಲಿ ಮನುಷ್ಯರಿಗಿಂತ ಹಂದಿಗಳ ಸಂಖ್ಯೆ ಹೆಚ್ಚು, ಅವುಗಳ ಗೊಬ್ಬರ ಹೊಲಕ್ಕೇ ಹೋಗುತ್ತದೆ. ಕೆಲವು ಕಿಲೋಮೀಟರ್ ಉಸಿರು ಬಿಗಿಹಿಡಿಯಬೇಕಾದೀತು.

ತಂಗಲು ಕೋಣೆಗಳನ್ನು ಹಿಡಿಯಿರಿ. ಕಾಡಂಚಿನಲ್ಲೂ ಕಡಲಂಚಿನಲ್ಲೂ ಮೂರು ಬದಿ ಮುಚ್ಚಿದ ಮರದ ‘ಶೆಲ್ಟರ್’ಗಳಿವೆ, ಅಗ್ಗ ಇಲ್ಲವೇ ಪುಕ್ಕಟೆ. ಆದರೆ ಮಲಗುಚೀಲ, ಚಾಪೆ ಎಲ್ಲ ಹೊರಬೇಕು. ಮೊದಲ ಸಲಕ್ಕೆ ಬೇಡ. ಸ್ವೀಡನ್ನಿನಲ್ಲಿ ಇದ್ದಂತೆ ಕಂಡ ಕಂಡಲ್ಲಿ ಡೇರೆ ಹಾಕುವ ಹಕ್ಕು ಇಲ್ಲಿಲ್ಲ.

ಹೊಸ ಸೈಕಲ್ ಬೇಡವೇ ಬೇಡ. ಏಳು ಗೇರಿನ ಸಿಟಿ ಸೈಕಲ್ ಈ ದಾರಿಗೆ ಸಾಕು. ಇಷ್ಟು ಮಾಡಿಸಿ: ಚೈನ್ ಬದಲಾಯಿಸಿ, ಟೈರು ಸವೆದಿದ್ದರೆ 37 ಮಿ.ಮೀ. ಆಸುಪಾಸಿನ ಅಗಲದ್ದು ಹಾಕಿಸಿ, ಸೀಟನ್ನು ಮೇಲೇರಿಸಿ. ನಗರದಲ್ಲಿ ನಿಂತಾಗ ಕಾಲೂರಲು ಅನುಕೂಲವೆಂದು ನೀವಿಬ್ಬರೂ ಸೀಟು ಇಳಿಸಿಕೊಂಡಿರುತ್ತೀರಿ ಎಂದು ಪಂದ್ಯ ಕಟ್ಟುತ್ತೇನೆ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ತೀರ ಕೆಳಕ್ಕೆ ತುಳಿದಾಗ ಮೊಣಕಾಲು ನೇರವಾಗಬೇಕು, ಅಷ್ಟೆತ್ತರ. ಮಂಡಿನೋವಿನ ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಮುಗಿಯುತ್ತವೆ. ಮೆತ್ತನೆಯ ಜೆಲ್ ಕವರ್ ಕೊಳ್ಳಬೇಡಿ. ಮೊದಲ ಗಂಟೆ ಹಿತ, ಮೂರನೆಯ ಗಂಟೆ ಉರಿ. ಸಾಮಾನನ್ನು ಬೆನ್ನಿಗೆ ಹೊರಬೇಡಿ, ಕ್ಯಾರಿಯರ್‌ನ ಎರಡೂ ಬದಿಗೆ ಚೀಲ ತೂಗುಹಾಕಿ.

ಊಟದ ವಿಷಯದಲ್ಲಿ ಹೋಟೆಲುಗಳನ್ನು ನೆಚ್ಚಬೇಡಿ. ದ್ವೀಪಗಳಲ್ಲಿ ಮೀನಿನದೇ ದರ್ಬಾರು, ಅಡುಗೆಮನೆ ಬೇಗ ಮುಚ್ಚುತ್ತದೆ. ಆದರೆ ರಸ್ತೆಬದಿಯಲ್ಲಿ, ತೋಟದ ಗೇಟಿನ ಮುಂದೆ, ಪುಟ್ಟ ಮರದ ಗೂಡು ಕಾಣಿಸುತ್ತದೆ. ಒಳಗೆ ಸ್ಟ್ರಾಬೆರಿ, ಬಟಾಣಿಕಾಯಿ, ಆಲೂಗಡ್ಡೆ, ಮನೆಯ ಜಾಮ್. ಮಾರುವವರಿಲ್ಲ. ಡಬ್ಬಿಗೆ ದುಡ್ಡು ಹಾಕಬೇಕು, ಇಲ್ಲವೇ ಬರೆದಿಟ್ಟ ಸಂಖ್ಯೆಗೆ ಮೊಬೈಲಿನಿಂದ ಕಳಿಸಬೇಕು. ಹೊಸ ಬಟಾಣಿಯನ್ನು ಸುಲಿದು ಹಸಿಯಾಗಿಯೇ ತಿನ್ನುತ್ತಾ ಹೋಗುವುದು ಇಲ್ಲಿಯ ಜೂನ್ ಕೊನೆಯ ಸುಖ. ರೈ ಹಿಟ್ಟಿನ ಕಪ್ಪು ಬ್ರೆಡ್ಡು ವಾರವಾದರೂ ಕೆಡುವುದಿಲ್ಲ. ಅದರ ಮೇಲೆ ಬೇಯಿಸಿದ ಆಲೂಗಡ್ಡೆಯ ಬಿಲ್ಲೆ, ಉಪ್ಪು, ಈರುಳ್ಳಿಸೊಪ್ಪು ಹಾಕಿ ಡೇನರು ತಿನ್ನುತ್ತಾರೆ. ನಾನು ಶೇಂಗಾ ಚಟ್ನಿಪುಡಿ ಉದುರಿಸುತ್ತೇನೆ. ಒಲೆ ಬೇಡದ ಇನ್ನೊಂದು ಊಟ, ಅವಲಕ್ಕಿಗೆ ಅಂಗಡಿಯ ಮೊಸರು. ‘ಕೋಲ್‌ಸ್ಕೋಲ್’ ಎಂಬ ಸಿಹಿಮಜ್ಜಿಗೆಯೊಂದು ಬೇಸಿಗೆಯಲ್ಲಿ ಎಲ್ಲ ಅಂಗಡಿಯಲ್ಲೂ ಇರುತ್ತದೆ, ನಿಂಬೆ ವೆನಿಲ್ಲಾದ ಪರಿಮಳ, ದಣಿದವರಿಗೆ ಅಮೃತ. ಆದರೆ ಅದರಲ್ಲಿ ಮೊಟ್ಟೆಯ ಹಳದಿ ಹಾಕುವ ಸಂಪ್ರದಾಯವಿದೆ, ನಿಮ್ಮ ಯಜಮಾನರು ಪೊಟ್ಟಣ ಓದಿಯೇ ಕುಡಿಯಲಿ.

ಕೊನೆಗೆ ಪಂಚರ್. ನಿಮ್ಮ ಸೈಕಲ್ಲಿನ ಗೇರು ಹಿಂಚಕ್ರದ ನಡುವಿನ ಗುಂಭದೊಳಗಿರುತ್ತದೆ, ಬಹುಶಃ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕೂ ಅಲ್ಲೇ ಇರುತ್ತದೆ. ಆ ಚಕ್ರ ಕಳಚಬೇಕೆಂದರೆ ನಟ್ಟು, ಗೇರಿನ ತಂತಿ, ಬ್ರೇಕಿನ ತೋಳು, ಚೈನ್ ಕವರ್ ಎಲ್ಲ ಬಿಚ್ಚಬೇಕು. ಮಳೆಯಲ್ಲಿ ಅದು ಶಿಕ್ಷೆ. ಬಿಚ್ಚಬೇಡಿ. ನಮ್ಮೂರ ಪಂಚರ್ ಅಂಗಡಿಯವನು ಎಂದಾದರೂ ಚಕ್ರ ಕಳಚಿದ್ದನ್ನು ನೋಡಿದ್ದೀರಾ? ಸೈಕಲ್ ಮಲಗಿಸಿ, ಟೈರಿನ ಒಂದು ಬದಿಯನ್ನು ಮಾತ್ರ ಎಬ್ಬಿಸಿ, ಟ್ಯೂಬನ್ನು ಕರುಳಿನಂತೆ ಹೊರಗೆಳೆದು, ಗಾಳಿ ತುಂಬಿ, ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ನೋಡುತ್ತಿದ್ದ. ಅದನ್ನೇ ಮಾಡಿ. ಬೋಗುಣಿಯ ಬದಲು ಒಂದು ಪ್ಲಾಸ್ಟಿಕ್ ಚೀಲಕ್ಕೆ ಬಾಟಲಿಯ ನೀರು ಸುರಿದರೆ ಆಯಿತು. ತೂತು ಸಿಕ್ಕ ಮೇಲೆ ಒರೆಸಿ ಒಣಗಿಸಿ, ಉಪ್ಪುಕಾಗದದಿಂದ ತಿಕ್ಕಿ, ಸಲ್ಯೂಷನ್ ಹಚ್ಚಿ, ಅದು ಮಿರುಗುವುದು ನಿಲ್ಲುವ ತನಕ ಕಾದು, ಆಮೇಲೆ ಪ್ಯಾಚ್ ಒತ್ತಿ. ಕಾಯುವುದರಲ್ಲೇ ಎಲ್ಲರೂ ತಪ್ಪುತ್ತಾರೆ. ಟೈರು ಕೂರಿಸುವ ಮುಂಚೆ ಒಳಮೈಯಲ್ಲಿ ಬೆರಳಾಡಿಸಿ ಗಾಜಿನ ಚೂರನ್ನೋ ಮುಳ್ಳನ್ನೋ ತೆಗೆಯಿರಿ; ಈ ಕಡೆ ಬೇಲಿ ಕತ್ತರಿಸಿದ ಮೇಲೆ ಹಾಥಾರ್ನ್ ಮುಳ್ಳು ರಸ್ತೆಗೆ ಬೀಳುತ್ತದೆ. ಹೊರಡುವ ಹಿಂದಿನ ಭಾನುವಾರ ಅಡುಗೆಮನೆಯಲ್ಲಿ ಪತ್ರಿಕೆ ಹಾಸಿಕೊಂಡು ಒಂದು ಸಲ ಇಬ್ಬರೂ ಕೂಡಿ ಇದನ್ನು ಮಾಡಿನೋಡಿ. ಗಾಳಿ ಹೊಡೆಯುವ ಪಂಪು ನಿಮ್ಮ ವಾಲ್ವಿಗೆ ಕೂರುತ್ತದೆಯೇ ಎಂಬುದೂ ಆಗಲೇ ತಿಳಿಯುತ್ತದೆ.